ಹಳೆಯ ಗ್ರಾಮಫೋನ್ ಪ್ಲೇಟನ್ನು ಸ್ಪಿರಿಟ್ ಹಾಕಿ ಒರೆಸಬಹುದೇ? ಬೀಳಗಿಯ ಅಮೀರಬಾಯಿ ಕರ್ನಾಟಕಿ ಅವರ ಕಥೆ

ಹಳೆಯ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ ಎಂದು ಹುಡುಕಿದವರಿಗೆ ಬೇಗ ಸಿಗುವ ಸಲಹೆಗಳಲ್ಲಿ ಒಂದು ಇದು: ಮೊದಲು ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಚ್ಚಿ ಒರೆಸಿ, ಕೊಳೆಯೆಲ್ಲ ಬಿಡುತ್ತದೆ. ವಿನೈಲ್ ರೆಕಾರ್ಡಿಗೆ ಈ ಸಲಹೆ ಒಂದು ಮಟ್ಟಿಗೆ ನಡೆಯುತ್ತದೆ. ಆದರೆ ನಮ್ಮ ಹಳೆಯ ಮನೆಗಳ ಅಟ್ಟದ ಮೇಲೆ, ಟ್ರಂಕಿನೊಳಗೆ ಸಿಗುವ ದಪ್ಪನೆಯ, ಭಾರವಾದ, ಕೈಜಾರಿದರೆ ಹೆಂಚಿನಂತೆ ಒಡೆಯುವ ಪ್ಲೇಟುಗಳು ವಿನೈಲ್ ಅಲ್ಲವೇ ಅಲ್ಲ. ಅವು ಅರಗಿನಿಂದ ಮಾಡಿದವು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಒರೆಸಿದ ಬಟ್ಟೆ ಕಪ್ಪಾದಾಗ ಕೊಳೆ ಬಂತೆಂದು ಒರೆಸಿದವರಿಗೆ ಸಮಾಧಾನ. ಬಂದದ್ದು ಕೊಳೆಯಷ್ಟೇ ಅಲ್ಲ, ಹಾಡೂ ಹೌದು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇವೆ ಎಂದರೆ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಮನೆಯೊಂದರಲ್ಲಿ ಇಂಥ ಪ್ಲೇಟು ಸಿಕ್ಕರೆ ಅದರ ಮೇಲಿನ ದನಿ ಅದೇ ನೆಲದ ಹೆಣ್ಣುಮಗಳದ್ದೇ ಆಗಿರಬಹುದು. 1940ರ ದಶಕದ ಹಿಂದಿ ಸಿನಿಮಾ ಹಾಡುಗಳ ದೊಡ್ಡ ದನಿಗಳಲ್ಲಿ ಒಂದಾದ ಅಮೀರಬಾಯಿ ಕರ್ನಾಟಕಿ ಹುಟ್ಟಿದ್ದು ಬೀಳಗಿಯಲ್ಲಿ.

ಇಪ್ಪತ್ತನೆಯ ಶತಮಾನದ ಆರಂಭದ ಮಾತು. ಜಮಖಂಡಿ ಮತ್ತು ಮುಧೋಳ ಆಗ ಬೇರೆ ಬೇರೆ ಸಂಸ್ಥಾನಗಳು. ಬೀಳಗಿ ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆಯಲ್ಲಿತ್ತು. ಇಲ್ಲಿನವರಿಗೆ ದೊಡ್ಡ ಊರು ಎಂದರೆ ಬೆಂಗಳೂರಲ್ಲ, ಪುಣೆ, ಕೊಲ್ಲಾಪುರ, ಮುಂಬೈ. ಶ್ರೀಕೃಷ್ಣ ಪಾರಿಜಾತದ ಹಾಡುಗಳು ರಾತ್ರಿಯಿಡೀ ಕೇಳುತ್ತಿದ್ದ, ಕಂಪನಿ ನಾಟಕಗಳು ಊರಿಂದೂರಿಗೆ ಡೇರೆ ಕಟ್ಟುತ್ತಿದ್ದ ಪ್ರದೇಶ. ಮನೆಯಲ್ಲಿ ಐವರು ಅಕ್ಕತಂಗಿಯರು. ಅವರಲ್ಲಿ ಇಬ್ಬರು ಊರಿನ ಗಡಿ ದಾಟಿ ಹೆಸರಾದರು: ಅಕ್ಕ ಗೋಹರಬಾಯಿ, ತಂಗಿ ಅಮೀರಬಾಯಿ. ಗೋಹರಬಾಯಿ ಮರಾಠಿ ರಂಗಭೂಮಿಯ ದೊರೆಯಂತಿದ್ದ ಬಾಲಗಂಧರ್ವರ ಜೊತೆ ಅಭಿನಯಿಸಿ, ಮುಂದೆ ಅವರ ಬಾಳಸಂಗಾತಿಯೂ ಆದರು.

ಇಲ್ಲೇ ಒಂದು ಗೊಂದಲ ತೀರಿಸಿಬಿಡೋಣ. ಈ ಗೋಹರಬಾಯಿ ಕರ್ನಾಟಕಿ ಬೇರೆ, ಗೌಹರ್ ಜಾನ್ ಬೇರೆ. 1902ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ಗ್ರಾಮಫೋನ್ ಧ್ವನಿಮುದ್ರಣಗಳಿಗೆ ಹಾಡಿದವರು ಗೌಹರ್ ಜಾನ್. ಅವರು ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ತೀರಿಕೊಂಡರು. ಹೆಸರಿನ ಹೋಲಿಕೆ, ಕರ್ನಾಟಕದ ನಂಟು ಎರಡೂ ಇರುವುದರಿಂದ ಒಬ್ಬರ ಫೋಟೋಗೆ ಇನ್ನೊಬ್ಬರ ಕಥೆ ಅಂಟಿಕೊಳ್ಳುವುದು ಸುಲಭ. ಮುಂದಕ್ಕೆ ಕಳಿಸುವ ಮುನ್ನ ಹೆಸರು ಎರಡು ಸಲ ನೋಡಿ.

ಅಮೀರಬಾಯಿ ಹದಿಹರೆಯದಲ್ಲೇ ಮುಂಬೈಗೆ ಹೋದರು. ಅವರ ದನಿ ಮೊದಲು ಗುರುತಾದದ್ದು ಸಿನಿಮಾದಿಂದಲ್ಲ, ಪ್ಲೇಟಿನಿಂದ. ನಾಯಿ ಮಾರ್ಕಿನ ಎಚ್‌ಎಂವಿ ಕಂಪನಿಯ ಪ್ರತಿನಿಧಿಯೊಬ್ಬರು ಅವರ ಹಾಡುಗಾರಿಕೆ ಮೆಚ್ಚಿ ಒಂದು ಕವ್ವಾಲಿ ಹಾಡಿಸಿದರು. ಅದು ಜನರಿಗೆ ಹಿಡಿಸಿತು. 1934ರ 'ವಿಷ್ಣುಭಕ್ತಿ' ಚಿತ್ರದಲ್ಲಿ ಅಕ್ಕನ ನೆರವಿನಿಂದ ಪಾತ್ರ ಸಿಕ್ಕಿತು. ಹಿನ್ನೆಲೆ ಗಾಯನ ಇನ್ನೂ ಬಳಕೆಗೆ ಬಾರದ ಕಾಲ ಅದು. ನಟಿಸುವವರೇ ಕ್ಯಾಮೆರಾ ಮುಂದೆ ಹಾಡಬೇಕಿತ್ತು. ಮುಂದಿನ ಎಂಟೊಂಬತ್ತು ವರ್ಷ ಅವರು ನಟಿಸಿದರು, ಹಾಡಿದರು, ಆದರೆ ದೊಡ್ಡ ಗೆಲುವು ಸಿಗಲಿಲ್ಲ.

ಆ ಕಾಲದ ಪ್ಲೇಟು ಎಂದರೆ ಏನೆಂದು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಹತ್ತು ಇಂಚಿನ ತಟ್ಟೆ, ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ಮೂರು ನಿಮಿಷಕ್ಕಿಂತ ತುಸು ಹೆಚ್ಚು ಹಾಡು. ಅರಗು ಎಂದರೆ ಮಹಾಭಾರತದ ಅರಗಿನ ಮನೆಯ ಅದೇ ಅರಗು. ಮರದ ಕೊಂಬೆಗಳ ಮೇಲೆ ಕೂರುವ ಪುಟ್ಟ ಕೀಟ ಸ್ರವಿಸುವ ಅಂಟು. ಅದಕ್ಕೆ ನುಣ್ಣಗೆ ಪುಡಿ ಮಾಡಿದ ಕಲ್ಲು, ಬಣ್ಣಕ್ಕೆ ಮಸಿ, ಗಟ್ಟಿತನಕ್ಕೆ ಹತ್ತಿಯ ಎಳೆ ಬೆರೆಸಿ, ಬಿಸಿಯಲ್ಲಿ ಒತ್ತಿ ಪ್ಲೇಟು ತೆಗೆಯುತ್ತಿದ್ದರು. ಕಲ್ಲಿನ ಪುಡಿ ಯಾಕೆ? ಗ್ರಾಮಫೋನಿನ ಉಕ್ಕಿನ ಸೂಜಿ ಮೊದಲ ಕೆಲವು ಸುತ್ತುಗಳಲ್ಲೇ ಸವೆದು ಗೆರೆಯ ಆಕಾರಕ್ಕೆ ಹೊಂದಿಕೊಳ್ಳಲಿ ಎಂದು. ಹಾಗಾಗಿ ಒಂದು ಬದಿಗೆ ಒಂದು ಸೂಜಿ ಎಂಬುದು ನಿಯಮವಾಗಿತ್ತು. ದುಡ್ಡು ಉಳಿಸಲು ಒಂದೇ ಸೂಜಿಯಲ್ಲಿ ಹತ್ತು ಸಲ ಹಾಡಿಸಿದ ಮನೆಗಳ ಪ್ಲೇಟುಗಳು ಇಂದು ಬೂದು ಬಣ್ಣಕ್ಕೆ ತಿರುಗಿರುತ್ತವೆ. ಹಿನ್ನೆಲೆಯಲ್ಲಿ ಕೇಳುವ ಚರಚರ ಸದ್ದಿನ ಒಂದು ಪಾಲು ಧೂಳಿನದ್ದಲ್ಲ, ಆ ಕಲ್ಲಿನ ಪುಡಿಯದ್ದು. ಎಷ್ಟು ತೊಳೆದರೂ ಅದು ಹೋಗದು.

ಬಡಗಿಗಳು ಅರಗಿನ ಚೂರನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ ಪಾಲಿಶ್ ಮಾಡುವುದನ್ನು ನೋಡಿದವರಿಗೆ ಮೇಲಿನ ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಸ್ಪಿರಿಟ್, ಸ್ಯಾನಿಟೈಸರ್, ಸೆಂಟು, ಕನ್ನಡಕ ಒರೆಸುವ ದ್ರವ, ಮದ್ಯಸಾರ ಇರುವ ಯಾವುದೂ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿ, ಮೆತ್ತನೆಯ ಬ್ರಷ್‌ನಿಂದ ಗೆರೆಯ ದಿಕ್ಕಿನಲ್ಲೇ ಉಜ್ಜಿ. ನಡುವಿನ ಕಾಗದದ ಲೇಬಲ್ ಒದ್ದೆಯಾಗಬಾರದು. ಬರೀ ಡಿಸ್ಟಿಲ್ಡ್ ವಾಟರ್‌ನಿಂದ ಇನ್ನೊಮ್ಮೆ ತೊಳೆದು ಕೂಡಲೇ ಒಣಬಟ್ಟೆಯಿಂದ ಒತ್ತಿ ಒಣಗಿಸಿ, ನೆನೆಯಲು ಬಿಡಬೇಡಿ. ಬಿಸಿಲಿಗಂತೂ ಇಡಲೇಬೇಡಿ. ಬೇಸಿಗೆಯಲ್ಲಿ ಬಾಗಲಕೋಟೆ, ವಿಜಯಪುರದ ಬಿಸಿಲು ಅರಗಿನ ತಟ್ಟೆಯನ್ನು ಹಪ್ಪಳದಂತೆ ಬಾಗಿಸಬಲ್ಲದು.

1940ರಲ್ಲಿ 'ನರಸಿ ಭಗತ್' ಬಂತು. ಗುಜರಾತಿನ ಸಂತಕವಿ ನರಸಿ ಮೆಹ್ತಾ ಅವರ ಕಥೆ. ನಾಯಕ ವಿಷ್ಣುಪಂತ ಪಾಗನೀಸ್, ಜೊತೆಗೆ ದುರ್ಗಾ ಖೋಟೆ, ಅಮೀರಬಾಯಿ. ಗಾಂಧೀಜಿಯ ಪ್ರಾರ್ಥನೆಯಿಂದ ನಮಗೆಲ್ಲ ಗೊತ್ತಿರುವ ವೈಷ್ಣವ ಭಜನೆಯನ್ನು ಅಮೀರಬಾಯಿ ಹಾಡಿದರು. ಇದರ ಸುತ್ತ ಒಂದು ಮಾತು ಓಡಾಡುತ್ತದೆ: ಅಮೀರಬಾಯಿ ಹಾಡಿದ್ದರಿಂದಲೇ ಆ ಭಜನೆ ಗಾಂಧೀಜಿಗೆ ಪ್ರಿಯವಾಯಿತು ಎಂದು. ಲೆಕ್ಕ ಕೂಡುವುದಿಲ್ಲ. ಚಿತ್ರ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಸಾಬರಮತಿ ಆಶ್ರಮದ ಪ್ರಾರ್ಥನೆಯಲ್ಲಿ ಅದು ಇತ್ತು. ಅಮೀರಬಾಯಿ ಹಾಡಿದ್ದನ್ನು ಅವರು ಮೆಚ್ಚಿದ್ದರು ಎನ್ನುವುದು ಬೇರೆ ಮಾತು. ಆ ಹಾಡಿಗೆ ಅಮೀರಬಾಯಿ ಕೊಟ್ಟದ್ದೂ ಸಣ್ಣದೇನಲ್ಲ. ಹದಿನೈದನೆಯ ಶತಮಾನದ ಒಬ್ಬ ಗುಜರಾತಿ ಭಕ್ತನ ಮಾತನ್ನು ಬೀಳಗಿಯ ಮುಸ್ಲಿಂ ಹೆಣ್ಣುಮಗಳೊಬ್ಬಳು ಹಾಡಿ ಸಿನಿಮಾ ನೋಡುವವರ ಬಾಯಲ್ಲಿ ನಿಲ್ಲಿಸಿದಳು.

ದೊಡ್ಡ ಗೆಲುವು ಬಂದದ್ದು 1943ರಲ್ಲಿ. ಬಾಂಬೆ ಟಾಕೀಸ್‌ನ 'ಕಿಸ್ಮತ್', ಜ್ಞಾನ್ ಮುಖರ್ಜಿ ನಿರ್ದೇಶನ, ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಸಾಹಿತ್ಯ. ತೆರೆಯ ಮೇಲೆ ಮುಮ್ತಾಜ್ ಶಾಂತಿ, ದನಿ ಅಮೀರಬಾಯಿಯವರದು. ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು. ಅದರ 'ದೂರ್ ಹಟೋ' ಹಾಡನ್ನು ಖಾನ್ ಮಸ್ತಾನಾ ಮತ್ತು ಮೇಳದೊಂದಿಗೆ ಅಮೀರಬಾಯಿ ಹಾಡಿದರು. ಕ್ವಿಟ್ ಇಂಡಿಯಾ ಚಳವಳಿ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ, ನಾಯಕರು ಜೈಲಿನಲ್ಲಿದ್ದರು. ಹಾಡು ಹೆಸರು ಹಿಡಿದು ಬೈಯುವುದು ಜರ್ಮನಿ, ಜಪಾನನ್ನು, ಹಾಗಾಗಿ ಸೆನ್ಸಾರ್ ಬಿಟ್ಟಿತು. ಕೇಳಿದ ಜನಕ್ಕೆ ಯಾರಿಗೆ ಹೇಳಿದ್ದೆಂದು ಚೆನ್ನಾಗಿಯೇ ತಿಳಿಯಿತು.

ಆ ವರ್ಷದ ಒಂದು ಪ್ಲೇಟು ನಿಮ್ಮ ಕೈಗೆ ಸಿಕ್ಕಿತು ಎನ್ನೋಣ. ಅದನ್ನು ಫೈಲಾಗಿ ಇಳಿಸುವುದು ಹೇಗೆ? ಅಜ್ಜನ ಕಾಲದ ಕೀಲಿ ಕೊಡುವ ಗ್ರಾಮಫೋನ್ ಇದ್ದರೆ ಅದರ ಮುಂದೆ ಮೊಬೈಲ್ ಹಿಡಿಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಬೇಡ. ಆ ಯಂತ್ರದ ಉಕ್ಕಿನ ಸೂಜಿ ನೂರಕ್ಕೂ ಹೆಚ್ಚು ಗ್ರಾಂ ಭಾರದಲ್ಲಿ ಗೆರೆಯನ್ನು ಕೆರೆಯುತ್ತದೆ. ಇಂದಿನ ಟರ್ನ್‌ಟೇಬಲ್‌ನ ಸೂಜಿ ಒತ್ತುವುದು ಮೂರರಿಂದ ಐದು ಗ್ರಾಂ ಮಾತ್ರ. ಇನ್ನೊಂದು ಸಂಗತಿ, ಗ್ರಾಮಫೋನಿನ ಕೊಳವೆಯಿಂದ ತಗ್ಗು ಸ್ವರ, ತೀರ ಮೇಲಿನ ಸ್ವರ ಎರಡೂ ಸರಿಯಾಗಿ ಹೊರಬರುವುದಿಲ್ಲ. ಉಳಿಯುವುದು ನಡುವಿನದ್ದು ಮಾತ್ರ. ಅದನ್ನು ಕೇಳಿಯೇ ಅಂದಿನ ಗಾಯಕಿಯರೆಲ್ಲ ಮೂಗಿನಲ್ಲಿ ಹಾಡುತ್ತಿದ್ದರು ಎಂಬ ಮಾತು ಹುಟ್ಟಿ ಬೆಳೆದಿದೆ ಎಂಬುದು ನಮ್ಮ ಅನಿಸಿಕೆ. ಸರಿಯಾಗಿ ಇಳಿಸಿದ ಫೈಲಿನಲ್ಲಿ ಅಮೀರಬಾಯಿ ದನಿ ತುಂಬಿ ಬರುತ್ತದೆ, ತಗ್ಗಿನಲ್ಲೂ ಬಲ ಇರುತ್ತದೆ.

ಬೇಕಾದದ್ದು 78ರ ವೇಗ ಇರುವ ಟರ್ನ್‌ಟೇಬಲ್. ಆದರೆ 78 ಎಂಬ ಗುಂಡಿ ಇದ್ದರೆ ಸಾಲದು, ಸೂಜಿಯೂ 78ರದ್ದೇ ಆಗಬೇಕು. ಬಹಳ ಜನ ಎಡವುವುದು ಇಲ್ಲೇ. ಎಲ್‌ಪಿ ಸೂಜಿಯ ತುದಿಯ ದುಂಡು ಸುಮಾರು 18 ಮೈಕ್ರಾನ್, 78ರ ಸೂಜಿಯದ್ದು ಸುಮಾರು 75 ಮೈಕ್ರಾನ್, ನಾಲ್ಕು ಪಟ್ಟು ದಪ್ಪ. ಎಲ್‌ಪಿ ಸೂಜಿಯನ್ನು 78ರ ಗೆರೆಗೆ ಇಳಿಸಿದರೆ ಅದು ಗೋಡೆ ಮುಟ್ಟದೆ ತಳದ ಕಸದಲ್ಲಿ ಓಡಾಡುತ್ತದೆ. ಹಾಡು ಇರುವುದು ಗೋಡೆಯಲ್ಲಿ, ತಳದಲ್ಲಿರುವುದು ಬರೀ ಸದ್ದು. ಅಗ್ಗದ ಸೂಟ್‌ಕೇಸ್ ಮಾದರಿಯ ಪ್ಲೇಯರ್‌ಗಳಲ್ಲಿ ಮೂರೂ ವೇಗದ ಗುಂಡಿ ಇರುತ್ತದೆ, ಸೂಜಿ ಮಾತ್ರ ಸಾಮಾನ್ಯವಾಗಿ ಎಲ್‌ಪಿಯದ್ದು. ಅಂಗಡಿಯಲ್ಲಿ 78ರ ಸೂಜಿ ಎಂದೇ ಕೇಳಿ ಕೊಳ್ಳಬೇಕು, ಅದಕ್ಕೆ ಹೊಂದುವ ಕಾರ್ಟ್ರಿಜ್ ಇರುವ ಟರ್ನ್‌ಟೇಬಲ್ ಮೊದಲೇ ನೋಡಿಕೊಳ್ಳಬೇಕು.

ಟರ್ನ್‌ಟೇಬಲ್‌ನಿಂದ ಬರುವ ಸಂಕೇತ ತುಂಬ ಸಣ್ಣದು. ಅದನ್ನು ಹಿಗ್ಗಿಸಲು ಫೋನೋ ಪ್ರಿಆಂಪ್ಲಿಫೈಯರ್, ಅಲ್ಲಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಲ್ಲಿಂದ ಲ್ಯಾಪ್‌ಟಾಪ್. ಟರ್ನ್‌ಟೇಬಲ್‌ನ ಹಿಂದಿರುವ ಸಣ್ಣ ಅರ್ತ್ ವೈರನ್ನು ಪ್ರಿಆಂಪ್ಲಿಫೈಯರ್‌ಗೆ ಕಟ್ಟದಿದ್ದರೆ ಗುಂಯ್ ಎಂಬ ಸದ್ದು ಹಾಡಿನುದ್ದಕ್ಕೂ ಇರುತ್ತದೆ. ನಮ್ಮ ಎಷ್ಟೋ ಮನೆಗಳ ವೈರಿಂಗ್‌ನಲ್ಲಿ ಅರ್ತ್ ಇರುವುದು ಹೆಸರಿಗೆ ಮಾತ್ರ, ಹಾಗಾಗಿ ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸಕ್ಕೆ ಧಾರಾಳ ಸಾಕು. 24 ಬಿಟ್, 96 ಕಿಲೋಹರ್ಟ್ಸ್ ಇಟ್ಟುಕೊಳ್ಳಿ, ಸಂಗ್ರಹಾಲಯಗಳು ಬಳಸುವ ಮಟ್ಟ ಅದೇ. ಮೂರು ನಿಮಿಷದ ಹಾಡಿಗೆ ಸುಮಾರು 100 ಎಂಬಿ ಆಗುತ್ತದೆ. ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ. 78ರ ಪ್ಲೇಟು ಮೊನೊ ಆದರೂ ಎಡ, ಬಲ ಎರಡೂ ಚಾನೆಲ್ ಉಳಿಸಿ, ಯಾಕೆಂದರೆ ಗೆರೆಯ ಒಂದು ಗೋಡೆ ಹೆಚ್ಚು ಸವೆದಿದ್ದರೆ ಇನ್ನೊಂದರಲ್ಲಿ ಹಾಡು ಚೆನ್ನಾಗಿರಬಹುದು.

ಇನ್ನೊಂದು ಸೂಕ್ಷ್ಮ. ಇಂದಿನ ಪ್ರಿಆಂಪ್ಲಿಫೈಯರ್‌ಗಳು ಆರ್‌ಐಎಎ ಎಂಬ ನಿಯಮದಂತೆ ತಗ್ಗು ಸ್ವರವನ್ನು ಏರಿಸಿ ಮೇಲಿನದ್ದನ್ನು ಇಳಿಸುತ್ತವೆ. ಆ ನಿಯಮ ಬಂದದ್ದು 1954ರಲ್ಲಿ. ಕಿಸ್ಮತ್ ಪ್ಲೇಟು ಅದಕ್ಕಿಂತ 11 ವರ್ಷ ಹಳೆಯದು. ಅಂದಿನ ಎಚ್‌ಎಂವಿ ಪ್ಲೇಟುಗಳಲ್ಲಿ ಸುಮಾರು 250 ಹರ್ಟ್ಸ್‌ಗಿಂತ ಕೆಳಗಿನ ಸ್ವರವನ್ನಷ್ಟೇ ತಗ್ಗಿಸಿ ಕೊರೆಯುತ್ತಿದ್ದರು, ಮೇಲಿನದ್ದನ್ನು ಅಷ್ಟಾಗಿ ಮುಟ್ಟುತ್ತಿರಲಿಲ್ಲ. ಆರ್‌ಐಎಎ ಮೂಲಕ ಕೇಳಿದರೆ ಹಾಡು ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಆಡಾಸಿಟಿಯ ಇಕ್ವಲೈಸರ್‌ನಲ್ಲಿ ಅದನ್ನು ಆಮೇಲೆ ಸರಿಪಡಿಸಬಹುದು. ಅದಕ್ಕೇ ಮೂಲ ಫೈಲನ್ನು ಮುಟ್ಟದೆ ಬೇರೆ ಇಟ್ಟು, ಎಲ್ಲ ತಿದ್ದುಪಡಿಯನ್ನೂ ನಕಲಿನ ಮೇಲೆ ಮಾಡಿ. ಚರಚರ ಸದ್ದು ಕಳೆಯುವ ಸಾಫ್ಟ್‌ವೇರ್ ಅತಿಯಾದರೆ ಹಾರ್ಮೋನಿಯಂನ ಉಸಿರು, ಗಾಯಕಿಯ ಶ, ಸ ಅಕ್ಷರಗಳೂ ಅದರ ಜೊತೆಗೇ ಹೋಗುತ್ತವೆ.

1944ರ 'ರತನ್' ಚಿತ್ರಕ್ಕೆ ನೌಷಾದ್ ಅವರ ಸಂಗೀತದಲ್ಲಿ ಹಾಡಿದಾಗ ಅಮೀರಬಾಯಿ ಮುಂಚೂಣಿಯ ಸಾಲಿಗೆ ಬಂದಿದ್ದರು. ಇತರ ಗಾಯಕರಿಗೆ ಹಾಡೊಂದಕ್ಕೆ 500 ರೂಪಾಯಿ ಇದ್ದಾಗ ಅಮೀರಬಾಯಿಗೆ 1000 ರೂಪಾಯಿ ಸಿಗುತ್ತಿತ್ತು ಎಂದು 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಬಾಬುರಾವ್ ಪಟೇಲ್ ಬರೆದಿದ್ದರು. ಕನ್ನಡ ಕೋಕಿಲ ಎಂಬ ಬಿರುದೂ ಬಂತು. ಹೆಸರಿನ ಕೊನೆಗೆ ಕರ್ನಾಟಕಿ ಎಂದು ಬರೆದುಕೊಳ್ಳುವಾಗ ಕರ್ನಾಟಕ ಎಂಬ ರಾಜ್ಯ ಇನ್ನೂ ಹುಟ್ಟಿರಲಿಲ್ಲ ಎಂಬುದನ್ನೂ ನೆನೆಯಬೇಕು.

ಮನೆಯೊಳಗಿನ ಬದುಕು ಹಾಡಿನಷ್ಟು ಹಿತವಾಗಿರಲಿಲ್ಲ. ಖಳನ ಪಾತ್ರಗಳಿಗೆ ಹೆಸರಾದ ನಟ ಹಿಮಾಲಯವಾಲಾ ಅವರೊಂದಿಗಿನ ಮೊದಲ ಮದುವೆ ಹಿಂಸೆಯ ಮದುವೆಯಾಯಿತು. ಇಬ್ಬರೂ ಬೇರೆಯಾದರು. ದೇಶ ವಿಭಜನೆಯಾದ ಮೇಲೆ ಆತ ಪಾಕಿಸ್ತಾನಕ್ಕೆ ಹೋದರು. ಅಮೀರಬಾಯಿ ಇಲ್ಲೇ ಉಳಿದರು. ಮುಂದೆ 'ಪಾರಸ್' ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. 1947ರ 'ಶೆಹನಾಯಿ'ಗೆ ಸಿ. ರಾಮಚಂದ್ರರ ಸಂಗೀತದಲ್ಲಿ ಹಾಡಿದರು. 1948ರ 'ಶಹನಾಜ್' ಚಿತ್ರಕ್ಕೆ ತಾವೇ ಸಂಗೀತ ನೀಡಿದರು. ಹೆಂಗಸು ಸಂಗೀತ ನಿರ್ದೇಶಕಿ ಆಗುವುದು ಅಂದು ಬೆರಳೆಣಿಕೆಯ ಮಾತು, ಇಂದೂ ಹೆಚ್ಚು ಬದಲಾಗಿಲ್ಲ.

1949ರಲ್ಲಿ 'ಮಹಲ್', 'ಬರ್ಸಾತ್', 'ಅಂದಾಜ್' ಬಂದವು, ಲತಾ ಮಂಗೇಶ್ಕರ್ ಯುಗ ಶುರುವಾಯಿತು. 1950ರ 'ಸಮಾಧಿ' ಚಿತ್ರದ 'ಗೋರೆ ಗೋರೆ' ಹಾಡನ್ನು ನೀವು ಖಂಡಿತ ಕೇಳಿರುತ್ತೀರಿ, ಮದುವೆ ಆರ್ಕೆಸ್ಟ್ರಾಗಳಲ್ಲಿ ಇಂದಿಗೂ ಹಾಡುತ್ತಾರೆ. ಅದರಲ್ಲಿ ನಳಿನಿ ಜಯವಂತ್‌ಗೆ ದನಿ ಲತಾ, ಕುಲದೀಪ್ ಕೌರ್‌ಗೆ ದನಿ ಅಮೀರಬಾಯಿ. ಏರುತ್ತಿದ್ದವರು, ಇಳಿಯುತ್ತಿದ್ದವರು ಒಂದೇ ಹಾಡಿನಲ್ಲಿ. ಈ ಹಾಡನ್ನು ಲತಾ ಒಬ್ಬರೇ ಹಾಡಿದ್ದೆಂದು ಬರೆದು ಕಳಿಸುವವರಿಗೆ ಎರಡನೆಯ ದನಿ ಬೀಳಗಿಯದ್ದು ಎಂದು ತಿಳಿಸಿ.

ಪ್ಲೇಟು ಸರಿಯಾದ ವೇಗದಲ್ಲಿ ತಿರುಗುವುದು ಯಾಕೆ ಮುಖ್ಯ ಎಂಬುದಕ್ಕೂ ಈ ಹಾಡು ಒಳ್ಳೆಯ ಉದಾಹರಣೆ. 78ರ ಬದಲು 80 ಸುತ್ತಾದರೆ ಶ್ರುತಿ ಸುಮಾರು ಅರ್ಧ ಸ್ವರಸ್ಥಾನದಷ್ಟು, ಎಂದರೆ ಹಾರ್ಮೋನಿಯಂನ ಬಿಳಿ ಮನೆಯಿಂದ ಪಕ್ಕದ ಕಪ್ಪು ಮನೆಗೆ ಹೋಗುವ ದಾರಿಯ ಅರ್ಧದಷ್ಟು ಏರುತ್ತದೆ. ಎರಡು ದನಿಗಳ ನಡುವಿನ ವ್ಯತ್ಯಾಸ ಮಸುಕಾಗಿ ಇಬ್ಬರೂ ಹುಡುಗಿಯರಂತೆ ಕೇಳಿಸುತ್ತಾರೆ. ಅಂತರ್ಜಾಲದಲ್ಲಿರುವ ಹಳೆಯ ಹಾಡು ಅತಿ ಚುರುಕಾಗಿ, ಅತಿ ಕಿರಿದಾದ ದನಿಯಲ್ಲಿದ್ದರೆ ಮೊದಲ ಅನುಮಾನ ವೇಗದ ಮೇಲಿರಲಿ.

ಮುಂದೆ ಹಾಡುಗಳು ಕಡಿಮೆಯಾದವು, ಅಮೀರಬಾಯಿ ಪೋಷಕ ಪಾತ್ರಗಳಿಗೆ ಹೊರಳಿದರು. ಬಿಜಾಪುರದೊಂದಿಗಿನ ನಂಟು ಬಿಡಲಿಲ್ಲ, ಆ ಊರಿನಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಬಂತು. 1965ರಲ್ಲಿ ಪಾರ್ಶ್ವವಾಯು ಬಡಿಯಿತು. ನಾಲ್ಕು ದಿನಗಳ ನಂತರ, ಮಾರ್ಚ್ 3ರಂದು ತೀರಿಕೊಂಡರು. ಮಣ್ಣಾದದ್ದು ಬಿಜಾಪುರದಲ್ಲಿ. ಅವರ ಬದುಕನ್ನು ವಿವರವಾಗಿ ಓದಬೇಕೆನ್ನುವವರಿಗೆ ರಹಮತ್ ತರೀಕೆರೆ ಅವರು ಕನ್ನಡದಲ್ಲೇ ಬರೆದ ಪುಸ್ತಕವಿದೆ.

ಅವರು ಹಾಡಿದ ಕಾಲದ ಎಷ್ಟೋ ಸಿನಿಮಾಗಳ ಫಿಲ್ಮೇ ಇಂದು ಉಳಿದಿಲ್ಲ. ಅಂಥ ಚಿತ್ರದ ಹಾಡಿಗೆ ಇರುವ ಆಧಾರ ಪ್ಲೇಟು ಒಂದೇ. ಲೇಬಲ್ ಮೇಲೆ ಅಮೀರಬಾಯಿ ಹೆಸರಿಲ್ಲವೆಂದು ಎಸೆಯಬೇಡಿ. 1940ರ ದಶಕದಲ್ಲಿ ಗಾಯಕಿಯ ಬದಲು ಪಾತ್ರದ ಹೆಸರು ಅಚ್ಚಾಗುವುದು ಇತ್ತು. 'ಮಹಲ್' ಪ್ಲೇಟಿನ ಮೇಲೆ ಲತಾ ಹೆಸರಿನ ಜಾಗದಲ್ಲಿ ಕಾಮಿನಿ ಎಂಬ ಪಾತ್ರದ ಹೆಸರೇ ಇತ್ತು. ಲೇಬಲ್‌ನ ಎರಡೂ ಬದಿಯ ಫೋಟೋ ತೆಗೆಯಿರಿ. ಗೆರೆ ಮುಗಿದ ಮೇಲೆ ಲೇಬಲ್ ಸುತ್ತ ಇರುವ ನುಣುಪು ಜಾಗದಲ್ಲಿ ಕೆತ್ತಿದ ಸಂಖ್ಯೆಯನ್ನೂ ಬರೆದುಕೊಳ್ಳಿ, ಯಾವ ಧ್ವನಿಮುದ್ರಣ ಎಂದು ಪತ್ತೆಯಾಗುವುದು ಅದರಿಂದಲೇ. ಗುರುತು ಸಿಗದಿದ್ದರೆ 1990ರಲ್ಲಿ ಮುಂಬೈನಲ್ಲಿ ಶುರುವಾದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್‌ನಂಥ ಸಂಗ್ರಾಹಕರ ಸಂಘಗಳಲ್ಲಿ ಕೇಳಬಹುದು. ಹಳೆಯ ಪ್ಲೇಟಿಗೆ ಲಕ್ಷಾಂತರ ರೂಪಾಯಿ ಎಂಬ ಮೆಸೇಜ್ ನಂಬಿ ಮುಂಗಡ ಕೇಳುವವರಿಗೆ ಮಾತ್ರ ಹಣ ಹಾಕಬೇಡಿ.

ಹಳೆಯ ಹಾಡೆಲ್ಲ ಈಗ ಸಾರ್ವಜನಿಕ ಸ್ವತ್ತು, ಯಾರು ಬೇಕಾದರೂ ಹಾಕಬಹುದು ಎಂಬುದು ಅರ್ಧ ನಿಜ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷ ಮುಗಿದು 60 ವರ್ಷ ಇರುತ್ತದೆ. ಆ ಲೆಕ್ಕದಲ್ಲಿ 1943ರ ಕಿಸ್ಮತ್ ಪ್ಲೇಟಿನದ್ದು 2003ಕ್ಕೇ ಮುಗಿದಿದೆ. ಆದರೆ ಸಾಹಿತ್ಯ, ಸಂಗೀತದ ಹಕ್ಕು ಬೇರೆ, ಅದು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಪ್ರದೀಪ್ ತೀರಿಕೊಂಡದ್ದು 1998ರಲ್ಲಿ, ಅನಿಲ್ ಬಿಸ್ವಾಸ್ 2003ರಲ್ಲಿ. ಮನೆಯ ಪ್ಲೇಟನ್ನು ಮನೆಯಲ್ಲಿ ಇಳಿಸಿ ಕೇಳುವುದಕ್ಕೆ ಅಡ್ಡಿಯಿಲ್ಲ, ಯೂಟ್ಯೂಬ್‌ಗೆ ಹಾಕಿ ದುಡ್ಡು ಮಾಡಲು ಹೊರಟರೆ ತಕರಾರು ಬರಬಹುದು. ಬಂಧುಗಳಿಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ವಾಯ್ಸ್ ಮೆಸೇಜ್ ಆಗಿ ಕಳಿಸಬೇಡಿ, ದನಿ ಹಿಂಡಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಫೈಲು ಇದ್ದಂತೆಯೇ ತಲುಪುತ್ತದೆ.